ಬುರಿಟೋ ಬೌಲಿನ ಪೂರ್ವೋತ್ತರ

ಈ ಬಾರಿಯ ಬೇಸಿಗೆ ಪಿಕ್‌ನಿಕ್ಕಿನಲ್ಲಿ ನಮ್ಮ ಹೈಸ್ಕೂಲು ಮಕ್ಕಳು ತಾವೇ ಒಂದು ಮೇಜು ಹಾಕಿಕೊಂಡು ಬುರಿಟೋ ಬೌಲು ಬಡಿಸಿದ್ದನ್ನು ತಾವೆಲ್ಲ ನೋಡಿದ್ದೀರಿ. ಪುಳಿಯೋಗರೆ, ಮೊಸರನ್ನದ ಮೇಜಿಗಿಂತ ಅಲ್ಲಿಯೇ ಸಾಲು ಉದ್ದವಿತ್ತು. ಊರಿನಿಂದ ಮಗಳ ಮನೆಗೆ ಬಂದಿದ್ದ ಹಿರಿಯರೊಬ್ಬರು ತಮ್ಮ ತಟ್ಟೆಯನ್ನು ಸ್ವಲ್ಪ ಹೊತ್ತು ನೋಡಿ, "ಅನ್ನ, ಕಾಳು, ಟೊಮೇಟೊ, ಈರುಳ್ಳಿ, ಕೊತ್ತಂಬರಿ, ಹಸಿಮೆಣಸಿನಕಾಯಿ, ನಿಂಬೆರಸ. ಇದರಲ್ಲಿ ಅವರದ್ದು ಯಾವುದು, ನಮ್ಮದು ಯಾವುದು ಡಾಕ್ಟ್ರೇ?" ಎಂದು ಕೇಳಿದರು. ಸಂಪಾದಕರು ನನ್ನಿಂದ ಬಯಸಿದ್ದು ಬರೀ ಮಾಡುವ ವಿಧಾನ. ಆದರೆ ಆ ಹಿರಿಯರ ಪ್ರಶ್ನೆಗೆ ಉತ್ತರ ಕೊಡಹೊರಟರೆ ಐದು ನೂರು ವರ್ಷದ ಚರಿತ್ರೆ ಹೇಳಬೇಕಾಗುತ್ತದೆ. ಎರಡನ್ನೂ ಬರೆದಿದ್ದೇನೆ. ಅಡುಗೆ ಮಾತ್ರ ಬೇಕಾದವರು ಮುಂದಿನ ಎರಡು ಪ್ಯಾರಾ ಓದಿ ಪುಟ ತಿರುಗಿಸಬಹುದು, ನನಗೇನೂ ಬೇಸರವಿಲ್ಲ.

ನಾಲ್ಕು ಜನಕ್ಕೆ ಒಂದೂವರೆ ಪೌಂಡು ಮೂಳೆ ತೆಗೆದ ಕೋಳಿ ತೊಡೆ ಸಾಕು. ಎದೆಯ ಮಾಂಸ ಬೇಗ ಒಣಗಿ ನಾರಾಗುತ್ತದೆ, ಆದ್ದರಿಂದ ನನ್ನ ಓಟು ತೊಡೆಗೆ. ಎರಡು ಟೀ ಚಮಚ ಜೀರಿಗೆ ಪುಡಿ, ಎರಡು ಚಮಚ ಬ್ಯಾಡಗಿ ಮೆಣಸಿನಕಾಯಿ ಪುಡಿ, ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ಚಮಚ ಉಪ್ಪು, ಒಂದು ನಿಂಬೆಯ ರಸ, ಸ್ವಲ್ಪ ಎಣ್ಣೆ, ಇಷ್ಟನ್ನು ಹಚ್ಚಿ ಅರ್ಧ ಗಂಟೆ ಬಿಡಿ. ಮೆಕ್ಸಿಕನ್ ಅಂಗಡಿಯಲ್ಲಿ ಪುಟ್ಟ ಡಬ್ಬಿಯಲ್ಲಿ ಚಿಪೋಟ್ಲೆ ಮೆಣಸಿನಕಾಯಿ ಸಿಗುತ್ತದೆ. ಅದರಲ್ಲಿ ಒಂದನ್ನು ಅರೆದು ಸೇರಿಸಿದರೆ ಹೊಗೆಯ ಪರಿಮಳ ಬರುತ್ತದೆ. ದೋಸೆಯ ಕಬ್ಬಿಣದ ಕಾವಲಿ ಚೆನ್ನಾಗಿ ಕಾದ ಮೇಲೆ ಎರಡೂ ಬದಿ ಐದಾರು ನಿಮಿಷ ಬೇಯಿಸಿ, ಒಳಗೆ 165 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದೆಯೇ ಎಂದು ನೋಡಿ, ಐದು ನಿಮಿಷ ಆರಲು ಬಿಟ್ಟು ಆಮೇಲೆ ಹೆಚ್ಚಿ. ಅನ್ನ ಉದುರುದುರಾಗಿರಲಿ. ಬಿಸಿ ಇರುವಾಗಲೇ ನಿಂಬೆರಸ, ಹೆಚ್ಚಿದ ಕೊತ್ತಂಬರಿ, ಉಪ್ಪು ಹಾಕಿ ಕಲಸಿ. ಕೈ ತಡೆಯದೆ ಒಗ್ಗರಣೆ ಕೊಟ್ಟಿರೋ, ಅದು ಚಿತ್ರಾನ್ನ.

ಕಪ್ಪು ಬೀನ್ಸ್ ಎರಡು ಡಬ್ಬಿ. ಡಬ್ಬಿಯ ನೀರನ್ನು ಚೆಲ್ಲಿ ಕಾಳನ್ನು ತೊಳೆಯಿರಿ, ರಕ್ತದೊತ್ತಡದವರು ಇದನ್ನು ಮರೆಯಬಾರದು, ಉಪ್ಪಿನ ಒಂದು ಪಾಲು ಆ ನೀರಿನಲ್ಲೇ ಹೋಗುತ್ತದೆ. ಸ್ವಲ್ಪ ಈರುಳ್ಳಿ, ಜೀರಿಗೆಯೊಂದಿಗೆ ಬಿಸಿ ಮಾಡಿದರೆ ಆಯಿತು. ಟೊಮೇಟೊ, ಈರುಳ್ಳಿ, ಹಸಿಮೆಣಸಿನಕಾಯಿಯನ್ನು ಕೋಸಂಬರಿಗೆ ಹೆಚ್ಚುವಂತೆ ಸಣ್ಣಗೆ ಹೆಚ್ಚಿ ನಿಂಬೆ ಹಿಂಡಿ. ಆವಕಾಡೊ ಮಸೆದು ಉಪ್ಪು, ನಿಂಬೆ, ಈರುಳ್ಳಿ ಸೇರಿಸಿದರೆ ಗ್ವಾಕಮೋಲೆ. ಹುಳಿ ಕ್ರೀಮಿನ ಬದಲು ಬಟ್ಟೆಯಲ್ಲಿ ಕಟ್ಟಿಟ್ಟ ಗಟ್ಟಿ ಮೊಸರು ಸಾಕು. ಜೋಳದ ಕಾಳನ್ನು ಕಾವಲಿಯ ಮೇಲೆ ಚುಕ್ಕೆ ಬೀಳುವಷ್ಟು ಹುರಿಯಿರಿ. ಸಸ್ಯಾಹಾರಿಗಳು ಕೋಳಿ ಬಿಟ್ಟು ಕಾಳನ್ನು ಇಮ್ಮಡಿ ಮಾಡಲಿ. ಡಯಾಬಿಟಿಸ್ ಇರುವವರು, ನಮ್ಮ ಕೂಟದಲ್ಲಿ ಅವರ ಸಂಖ್ಯೆ ಏನೂ ಕಡಿಮೆಯಿಲ್ಲ, ಬೌಲಿನಲ್ಲಿ ಅನ್ನಕ್ಕೆ ಕಾಲು ಭಾಗ ಮಾತ್ರ ಕೊಟ್ಟು ಕಾಳು, ತರಕಾರಿಯಿಂದ ಉಳಿದದ್ದನ್ನು ತುಂಬಲಿ. ಡಬ್ಬಿ ಬೇಡವೆಂದು ಒಣ ರಾಜ್ಮಾ ಬಳಸುವವರಿಗೆ ಒಂದು ಎಚ್ಚರಿಕೆ: ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ ಹತ್ತು ನಿಮಿಷ ಕೊತಕೊತ ಕುದಿಸದೆ ಸ್ಲೋ ಕುಕ್ಕರಿಗೆ ಹಾಕಬೇಡಿ. ಹಸಿ ರಾಜ್ಮಾದಲ್ಲಿರುವ ಒಂದು ಪ್ರೋಟೀನು ಸಣ್ಣ ಉರಿಗೆ ಸಾಯುವುದಿಲ್ಲ, ವಾಂತಿ ಭೇದಿ ಖಂಡಿತ. ನಮ್ಮ ಪ್ರೆಷರ್ ಕುಕ್ಕರಿನಲ್ಲಿ ಈ ಭಯವಿಲ್ಲ.

ಈಗ ಚರಿತ್ರೆ. ಬುರಿಟೋ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಪುಟ್ಟ ಕತ್ತೆ. ಈ ಹೆಸರು ಏಕೆ ಬಂತೆಂಬುದಕ್ಕೆ ಕತೆಗಳು ಬೇಕಾದಷ್ಟಿವೆ. ಮೆಕ್ಸಿಕೋ ಕ್ರಾಂತಿಯ ಕಾಲದಲ್ಲಿ, ಅಂದರೆ 1910ರ ದಶಕದಲ್ಲಿ, ಸಿಯುದಾದ್ ಹುವಾರೆಸ್ ಪಟ್ಟಣದಲ್ಲಿ ಒಬ್ಬಾತ ಕತ್ತೆಯ ಮೇಲೆ ಊಟ ಹೇರಿಕೊಂಡು ಬಂದು ರೊಟ್ಟಿಯಲ್ಲಿ ಸುತ್ತಿ ಮಾರುತ್ತಿದ್ದನೆಂಬುದು ಎಲ್ಲರೂ ಹೇಳುವ ಕತೆ. ಕತೆ ಚೆನ್ನಾಗಿದೆ, ಆದರೆ 1895ರಲ್ಲೇ ಅಚ್ಚಾದ ಮೆಕ್ಸಿಕನ್ ಪದಗಳ ನಿಘಂಟೊಂದರಲ್ಲಿ ಈ ಪದ ಇದೆ: ಮಾಂಸವನ್ನೋ ಮತ್ತೇನನ್ನೋ ಇಟ್ಟು ಸುರುಳಿ ಸುತ್ತಿದ ರೊಟ್ಟಿ ಎಂದು. ಹೀಗಾಗಿ ಕತ್ತೆಯವನಿಗಿಂತ ಹೆಸರೇ ಹಳೆಯದು. ಗೋಧಿಯನ್ನು ಅಲ್ಲಿಗೆ ತಂದವರು ಸ್ಪೇನಿನವರು. ಉತ್ತರ ಮೆಕ್ಸಿಕೋದ ಒಣ ಸೀಮೆಯಲ್ಲಿ, ವಿಶೇಷವಾಗಿ ಸೊನೋರಾದಲ್ಲಿ, ಅದು ಚೆನ್ನಾಗಿ ಬಂತು. ಅಲ್ಲಿಯ ದೊಡ್ಡ ಗೋಧಿ ರೊಟ್ಟಿಯೇ ಬುರಿಟೋದ ಮೈ.

ಆದರೆ ಅದರೊಳಗೆ ಅನ್ನ ತುಂಬುವ ರೂಢಿ ಬೆಳೆದದ್ದು ಮೆಕ್ಸಿಕೋದಲ್ಲಲ್ಲ, ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಬಡಾವಣೆಯಲ್ಲಿ. 1961ರಲ್ಲಿ ನಾವೇ ಮೊದಲು ಮಾರಿದೆವು ಎಂದು ಅಲ್ಲಿಯ ಎಲ್ ಫಾರೋ ಅಂಗಡಿ ಹೇಳುತ್ತದೆ, 1969ರಲ್ಲಿ ನಾವು ಎಂದು ಲಾ ಕುಂಬ್ರೆ ಹೇಳುತ್ತದೆ. ಮೈಸೂರು ಪಾಕ್ ಯಾರದ್ದೆಂಬ ಜಗಳ ಕಂಡ ನಮಗೆ ಇದು ಹೊಸದಲ್ಲ. ಆ ಊರಿನ ಹೋಟೆಲೊಂದರಲ್ಲಿ ಅಡುಗೆ ಮಾಡಿಕೊಂಡಿದ್ದ ಸ್ಟೀವ್ ಎಲ್ಸ್ ಎಂಬ ತರುಣ ಆ ಬುರಿಟೋ ನೋಡಿಕೊಂಡು ಹೋಗಿ, 1993ರ ಜುಲೈನಲ್ಲಿ ಡೆನ್ವರ್ ವಿಶ್ವವಿದ್ಯಾಲಯದ ಹತ್ತಿರ, ಹಿಂದೆ ಐಸ್‌ಕ್ರೀಂ ಮಾರುತ್ತಿದ್ದ ಒಂದು ಮಳಿಗೆಯಲ್ಲಿ ಚಿಪೋಟ್ಲೆ ಅಂಗಡಿ ತೆರೆದ. ಅನ್ನಕ್ಕೆ ನಿಂಬೆ, ಕೊತ್ತಂಬರಿ ಸೇರಿಸುವುದು ಮನೆಮನೆಗೆ ಹಬ್ಬಿದ್ದು ಆ ಅಂಗಡಿಯಿಂದಲೇ. 2000ರ ನಂತರದ ಮೊದಲ ವರ್ಷಗಳಲ್ಲಿ ಡಾಕ್ಟರ್ ಆಟ್ಕಿನ್ಸ್ ಅವರ ಪಥ್ಯದ ಗಾಳಿ ಬೀಸಿ, ಜನ ರೊಟ್ಟಿ, ಬ್ರೆಡ್ಡು ಕಂಡರೆ ಹೆದರತೊಡಗಿದಾಗ ರೊಟ್ಟಿ ಕಳಚಿಟ್ಟು ಒಳಗಿನದನ್ನು ಮಾತ್ರ ಬಟ್ಟಲಿಗೆ ಹಾಕಿ ಕೊಡುವುದು ಜನಪ್ರಿಯವಾಯಿತು. ರೊಟ್ಟಿಯ ಪಿಷ್ಟಕ್ಕೆ ಹೆದರಿ ಬಂದವರ ಮುಂದೆ ಎರಡು ಸೌಟು ಅನ್ನ ಇಟ್ಟದ್ದನ್ನು ನೋಡಿದಾಗ ನನಗೆ ನಗು ಬರುತ್ತದೆ. ಇರಲಿ.

ಹಿರಿಯರ ಪ್ರಶ್ನೆಗೆ ಬರೋಣ. 1519ರಲ್ಲಿ ಕೊರ್ಟೆಸ್ ಬಂದಿಳಿಯುವ ಮೊದಲು ಮೆಕ್ಸಿಕೋದಲ್ಲಿ ಅಕ್ಕಿ ಇರಲಿಲ್ಲ. ಅದು ಏಷ್ಯಾದ ಧಾನ್ಯ. ಅರಬರ ಮೂಲಕ ಸ್ಪೇನಿಗೆ ಹೋಗಿ, ಅರಬ್ಬಿ ಹೆಸರಿನ ಗುರುತನ್ನು 'ಅರ್ರೋಸ್' ಎಂಬ ಪದದಲ್ಲಿ ಉಳಿಸಿಕೊಂಡೇ ಹಡಗು ಹತ್ತಿತು. ಕೋಳಿಯೂ ಏಷ್ಯಾದ ಕಾಡುಕೋಳಿಯ ಸಂತಾನ. ಮೆಕ್ಸಿಕೋದವರು ಸಾಕಿದ್ದ ಹಕ್ಕಿ ಟರ್ಕಿ. ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಕೊತ್ತಂಬರಿ, ನಿಂಬೆ ಇವೂ ಸಮುದ್ರ ದಾಟಿ ಹೋದವೇ. ಇನ್ನು ಅವರ ಪಾಲಿಗೆ ಉಳಿದದ್ದು ಟೊಮೇಟೊ, ಮೆಣಸಿನಕಾಯಿ, ಆವಕಾಡೊ, ಜೋಳ, ಕಾಳು. ಟೊಮೇಟೊ, ಚಿಲ್ಲಿ, ಆವಕಾಡೊ, ಗ್ವಾಕಮೋಲೆ, ಚಿಪೋಟ್ಲೆ ಇವೆಲ್ಲ ಅಜ್ಟೆಕ್ ಜನರ ನಹುವಾತ್ಲ್ ಭಾಷೆಯಿಂದ ಬಂದ ಪದಗಳು. ಚಿಪೋಟ್ಲೆ ಎಂದರೆ ಹೊಗೆ ಹಾಕಿದ ಮೆಣಸಿನಕಾಯಿ, ಅಷ್ಟೇ. ಕಾಳಿನ ವಿಷಯ ಇನ್ನೂ ಸ್ವಾರಸ್ಯ. ಕಪ್ಪು ಬೀನ್ಸ್, ಪಂಜಾಬಿಗಳ ರಾಜ್ಮಾ, ಬೆಂಗಳೂರಿನ ಮದುವೆಮನೆಯ ಪಲ್ಯಕ್ಕೆ ಬೀಳುವ ಎಳೆ ಹುರುಳಿಕಾಯಿ, ಮೂರೂ ಸಸ್ಯಶಾಸ್ತ್ರದ ಪ್ರಕಾರ ಒಂದೇ ಜಾತಿ, ಅದರ ತವರು ಅಮೆರಿಕ ಖಂಡ. ನಾವು ಸೀಮೆಬದನೆಕಾಯಿ ಎಂದು ಕರೆಯುವುದರ ಊರೂ ಮೆಕ್ಸಿಕೋವೇ. ಅದಕ್ಕೆ ಮಾತ್ರ ನಮ್ಮವರು ಪ್ರಾಮಾಣಿಕವಾಗಿ 'ಸೀಮೆ' ಎಂಬ ಪಟ್ಟಿ ಅಂಟಿಸಿದ್ದಾರೆ.

ಮೆಣಸಿನಕಾಯಿಯ ವಿಷಯದಲ್ಲಿ ಆ ಪ್ರಾಮಾಣಿಕತೆ ಉಳಿಯಲಿಲ್ಲ. ಮೂರನೆಯ ಮಂಗರಸ 'ಸೂಪಶಾಸ್ತ್ರ' ಬರೆದದ್ದು 1500ರ ಆಸುಪಾಸಿನಲ್ಲಿ. ಪೋರ್ಚುಗೀಸರು ಗೋವೆ ಹಿಡಿದದ್ದು 1510ರಲ್ಲಿ. ಮಂಗರಸನ ಅಡುಗೆಮನೆಯಲ್ಲಿ ಖಾರವೆಂದರೆ ಮೆಣಸು, ಶುಂಠಿ. ಮೆಣಸಿನಕಾಯಿಯನ್ನು ಆತ ಕಂಡಿರಲು ಸಾಧ್ಯವೇ ಇಲ್ಲ. ಆಮೇಲೆ ಬಂದ ಈ ಕೆಂಪು ಕಾಯಿ ಮೊದಲು ಮೆಣಸಿನ ಹೆಸರನ್ನು ಎರವಲು ಪಡೆದು ಮೆಣಸಿನಕಾಯಿ ಆಯಿತು. ಕ್ರಮೇಣ ಎಷ್ಟು ಬಲಿಯಿತೆಂದರೆ ಮೂಲ ಮೆಣಸೇ ತನ್ನ ಗುರುತು ಹೇಳಿಕೊಳ್ಳಲು ಕಾಳುಮೆಣಸು, ಕರಿಮೆಣಸು, ಕರಾವಳಿಯಲ್ಲಿ ಒಳ್ಳೆಮೆಣಸು ಎಂದು ಹೆಸರು ಉದ್ದ ಮಾಡಿಕೊಳ್ಳಬೇಕಾಯಿತು. ಇಂದಿಗೂ ಸಂಪ್ರದಾಯಸ್ಥರ ಮನೆಗಳಲ್ಲಿ ಶ್ರಾದ್ಧದ ಅಡುಗೆಗೆ ಮೆಣಸಿನಕಾಯಿ ಬಿಟ್ಟು ಮೆಣಸನ್ನೇ ಬಳಸುವುದುಂಟು. ಪಿತೃಗಳಿಗೆ ಹೊಸ ಖಾರದ ಪರಿಚಯವಿಲ್ಲವಲ್ಲ! ಯುರೋಪಿನವರೂ ನಮಗಿಂತ ಜಾಣರೇನಲ್ಲ. 1542ರಲ್ಲಿ ಜರ್ಮನಿಯ ವೈದ್ಯ ಲಿಯೋನಾರ್ಡ್ ಫುಕ್ಸ್ ತನ್ನ ಸಸ್ಯಗ್ರಂಥದಲ್ಲಿ ಮೆಣಸಿನಕಾಯಿಯ ಚೆಂದದ ಚಿತ್ರ ಹಾಕಿ, ಇದು ಕಲ್ಲಿಕೋಟೆಯ ಮೆಣಸು ಎಂದುಬಿಟ್ಟ.

ಜೋಳದ್ದೂ ಇದೇ ಕತೆ. ನಮ್ಮ ಹಳೆಯ ಜೋಳದ ಹೆಸರನ್ನೇ ಹೊತ್ತು ಅದು ಮುಸುಕಿನ ಜೋಳ, ಗೋವಿನಜೋಳ, ಮೆಕ್ಕೆಜೋಳ ಎಂದು ಸೀಮೆಗೊಂದು ಹೆಸರಾಯಿತು. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಜೋಳ ಎಂದರೆ ಇದೊಂದೇ. ಆದರೆ ಜೋಳದ ವಿಷಯವನ್ನು ತಮಾಷೆಯಲ್ಲಿ ಮುಗಿಸಲಾಗುವುದಿಲ್ಲ, ಏಕೆಂದರೆ ಅದು ಲಕ್ಷಾಂತರ ಜನರ ಪ್ರಾಣದ ವಿಷಯ.

ಮೆಕ್ಸಿಕೋದಲ್ಲಿ ಜೋಳವನ್ನು ಪಳಗಿಸಿ ಸುಮಾರು ಒಂಬತ್ತು ಸಾವಿರ ವರ್ಷಗಳಾದವು. ಅಲ್ಲಿಯ ಹೆಂಗಸರು ಅದನ್ನು ನೇರವಾಗಿ ಬೀಸುವುದಿಲ್ಲ. ಸುಣ್ಣದ ನೀರಿನಲ್ಲಿ ಕುದಿಸಿ, ರಾತ್ರಿಯೆಲ್ಲ ಅದರಲ್ಲೇ ಬಿಟ್ಟು, ಬೆಳಿಗ್ಗೆ ತೊಳೆದು, ಸಡಿಲಾದ ಸಿಪ್ಪೆ ಕಳೆದು, ಆಮೇಲೆ ಕಲ್ಲಿನ ಮೇಲೆ ಅರೆಯುತ್ತಾರೆ. ನಾವು ವೀಳ್ಯದೆಲೆಗೆ ಹಚ್ಚುವ ಅದೇ ಸುಣ್ಣ. ಹೀಗೆ ಮಾಡಿದ ಜೋಳಕ್ಕೆ ನಿಷ್ಟಮಾಲ್ ಎಂದು ಹೆಸರು. ಹಿಟ್ಟು ಜಿಗುಟಾಗಿ ರೊಟ್ಟಿ ತಟ್ಟಲು ಬರುತ್ತದೆ, ಇದು ಕಣ್ಣಿಗೆ ಕಾಣುವ ಲಾಭ. ಕಾಣದ ಲಾಭ ಇನ್ನೊಂದಿದೆ. ಜೋಳದಲ್ಲಿ ನಯಾಸಿನ್ ಎಂಬ ಬಿ ವಿಟಮಿನ್ ಇದ್ದರೂ ಅದರ ಬಹುಪಾಲು ಬಿಗಿಯಾಗಿ ಅಂಟಿಕೊಂಡಿದ್ದು ನಮ್ಮ ಕರುಳಿಗೆ ದಕ್ಕುವುದಿಲ್ಲ. ಸುಣ್ಣ ಆ ಗಂಟನ್ನು ಬಿಚ್ಚುತ್ತದೆ. ಮೂರು ಸಾವಿರ ವರ್ಷಗಳಿಗೂ ಹಿಂದೆ ಇದನ್ನು ಕಂಡುಕೊಂಡವರಿಗೆ ವಿಟಮಿನ್ನಿನ ಮಾತು ಗೊತ್ತಿರಲಿಲ್ಲ, ಹೀಗೆ ಮಾಡಬೇಕೆಂಬುದು ಗೊತ್ತಿತ್ತು.

ಕೊಲಂಬಸ್ಸನ ನಂತರ ಜೋಳ ಯುರೋಪಿಗೆ ಹೋಯಿತು. ಸುಣ್ಣ ಹೋಗಲಿಲ್ಲ. ಬೀಜ ಒಯ್ದವರು ಗಂಡಸರು, ಸೈನಿಕರು, ನಾವಿಕರು. ಅಡುಗೆಮನೆಯಲ್ಲಿ ನಿಂತು ಆ ಹೆಂಗಸರು ಏನು ಮಾಡುತ್ತಾರೆಂದು ನೋಡಿ ಕಲಿಯಬೇಕೆಂದು ಅವರಿಗೆ ತೋಚಲಿಲ್ಲ ಎಂಬುದು ನನ್ನ ಊಹೆ. 1735ರಲ್ಲಿ ಸ್ಪೇನಿನ ಆಸ್ತೂರಿಯಾಸಿನಲ್ಲಿ ಗಾಸ್ಪರ್ ಕಸಾಲ್ ಎಂಬ ವೈದ್ಯ, ಜೋಳವನ್ನೇ ತಿಂದು ಬದುಕುವ ಬಡ ರೈತರಲ್ಲಿ ಒಂದು ಹೊಸ ಕಾಯಿಲೆ ಕಂಡ. ಬಿಸಿಲು ಬಿದ್ದ ಕಡೆ ಚರ್ಮ ಕಪ್ಪಾಗಿ ಒಡೆಯುವುದು, ಕತ್ತಿನ ಸುತ್ತ ಹಾರದ ಹಾಗೆ ಪಟ್ಟಿ. ಇಟಲಿಯಲ್ಲಿ ಪೊಲೆಂಟಾ ತಿನ್ನುವ ಕೂಲಿಗಳಲ್ಲಿ ಅದೇ ಕಾಣಿಸಿಕೊಂಡು, 1771ರಲ್ಲಿ ಅದಕ್ಕೆ ಪೆಲ್ಲಾಗ್ರಾ, ಅಂದರೆ ಒರಟು ಚರ್ಮ, ಎಂದು ಹೆಸರಾಯಿತು. ಮೊದಲು ಚರ್ಮ, ನಂತರ ಭೇದಿ, ನಂತರ ಬುದ್ಧಿಭ್ರಮಣೆ, ಕೊನೆಗೆ ಸಾವು.

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ನಾಲ್ಕು ದಶಕಗಳಲ್ಲಿ ಸುಮಾರು ಮೂವತ್ತು ಲಕ್ಷ ಜನಕ್ಕೆ ಇದು ತಗುಲಿ, ಸುಮಾರು ಒಂದು ಲಕ್ಷ ಮಂದಿ ಸತ್ತರೆಂದು ಅಂದಾಜು. ಹತ್ತಿ ಹೊಲದ ಗೇಣಿದಾರರು, ಹತ್ತಿ ಗಿರಣಿಯ ಕೂಲಿಗಳು, ಕರಿಯರು, ಬಡ ಬಿಳಿಯರು. ಅವರ ಊಟ ಜೋಳದ ಹಿಟ್ಟು, ಹಂದಿಯ ಕೊಬ್ಬು, ಕಾಕಂಬಿ, ಮೂರೇ. ವೈದ್ಯರು ಇದು ಅಂಟುರೋಗವೆಂದು ನಂಬಿ ಕ್ರಿಮಿ ಹುಡುಕುತ್ತಿದ್ದರು. 1914ರಲ್ಲಿ ಸರ್ಕಾರ ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯನನ್ನು ಕಳಿಸಿತು. ಚಿಕ್ಕಂದಿನಲ್ಲಿ ಹಂಗೇರಿ ಕಡೆಯಿಂದ ನ್ಯೂಯಾರ್ಕಿಗೆ ಬಂದು ನೆಲೆಸಿದ ಯಹೂದಿ ಕುಟುಂಬದವನು, ನಮ್ಮಂತೆಯೇ ವಲಸಿಗ. ಆತ ಸೂಕ್ಷ್ಮದರ್ಶಕಕ್ಕೆ ಮೊದಲು ತಟ್ಟೆ ನೋಡಿದ. ಹುಚ್ಚಾಸ್ಪತ್ರೆಗಳಲ್ಲಿ, ಅನಾಥಾಲಯಗಳಲ್ಲಿ ಒಳಗಿರುವವರಿಗೆ ರೋಗ ಬರುತ್ತದೆ, ಅವರನ್ನು ಮುಟ್ಟಿ ನೋಡಿಕೊಳ್ಳುವ ನರ್ಸುಗಳಿಗೆ ಬರುವುದಿಲ್ಲ. ಅಂಟುರೋಗವಾದರೆ ಇದು ಹೇಗೆ? ಮಿಸಿಸಿಪ್ಪಿಯ ಅನಾಥಾಲಯಗಳಲ್ಲಿ ಹಾಲು, ಮೊಟ್ಟೆ, ಮಾಂಸ, ಕಾಳು ಕೊಡಿಸಿದ. ರೋಗ ಹೋಯಿತು. 1915ರಲ್ಲಿ ಅಲ್ಲಿಯ ಜೈಲಿನ ಕೈದಿಗಳಿಗೆ, ಬಿಡುಗಡೆಯ ಭರವಸೆ ಕೊಟ್ಟು, ಜೋಳ, ಅಕ್ಕಿ, ಸಿರಪ್ಪಿನಂಥ ಆಹಾರವನ್ನು ಮಾತ್ರ ತಿನ್ನಿಸಿದ. ಹನ್ನೊಂದರಲ್ಲಿ ಆರು ಮಂದಿಗೆ ಪೆಲ್ಲಾಗ್ರಾ ಬಂತು. ಇಂದಿನ ಯಾವ ನೀತಿ ಸಮಿತಿಯೂ ಇದಕ್ಕೆ ಒಪ್ಪಿಗೆ ಕೊಡುವುದಿಲ್ಲ, ಕೊಡಲೂ ಬಾರದು.

ಆದರೂ ಜನ ನಂಬಲಿಲ್ಲ. ನಿಮ್ಮ ಜನ ಹಸಿದಿದ್ದಾರೆ, ಬಡತನವೇ ರೋಗ ಎಂದು ಹೊರಗಿನವನೊಬ್ಬ ಬಂದು ಹೇಳಿದರೆ ಯಾವ ಊರಿಗೆ ಹಿತವಾದೀತು? 1916ರಲ್ಲಿ ಗೋಲ್ಡ್‌ಬರ್ಗರ್ ತನ್ನ ಮೇಲೆಯೇ ಪ್ರಯೋಗಕ್ಕಿಳಿದ. ರೋಗಿಗಳ ರಕ್ತವನ್ನು ತಾನೂ ಜೊತೆಯವರೂ ಚುಚ್ಚಿಕೊಂಡರು. ಅವರ ಚರ್ಮದ ಹೊಪ್ಪಳಿಕೆಯನ್ನು, ಇನ್ನೂ ಬರೆಯಲಾಗದ್ದನ್ನು, ಹಿಟ್ಟಿನಲ್ಲಿ ಉಂಡೆ ಮಾಡಿ ನುಂಗಿದರು. ಆತನ ಹೆಂಡತಿ ಮೇರಿಯೂ ರಕ್ತ ಚುಚ್ಚಿಸಿಕೊಂಡಳು. ಯಾರಿಗೂ ಪೆಲ್ಲಾಗ್ರಾ ಬರಲಿಲ್ಲ. ಕೊರತೆ ಯಾವುದೆಂದು ತಿಳಿಯುವ ಮೊದಲೇ, 1929ರಲ್ಲಿ, ಆತ ತೀರಿಕೊಂಡ. 1937ರಲ್ಲಿ ವಿಸ್ಕಾನ್ಸಿನ್ನಿನ ಕಾನ್ರಾಡ್ ಎಲ್ವೆಹೆಮ್ ಅದು ನಯಾಸಿನ್ ಎಂದು ತೋರಿಸಿದ. ಅಷ್ಟೂ ವರ್ಷ, ಗಡಿಯಾಚೆ ಮೆಕ್ಸಿಕೋದ ಹಳ್ಳಿಗಳಲ್ಲಿ ಅದಕ್ಕಿಂತಲೂ ಬಡವರು ಅದೇ ಜೋಳವನ್ನು ಸುಣ್ಣದಲ್ಲಿ ಕುದಿಸಿ, ರೊಟ್ಟಿ ತಟ್ಟಿ, ಕಾಳಿನೊಂದಿಗೆ ತಿನ್ನುತ್ತಿದ್ದರು.

ಇದು ನನಗೆ ಬರೀ ಪುಸ್ತಕದ ವಿಷಯವಲ್ಲ. ಉತ್ತರ ಕರ್ನಾಟಕದಲ್ಲಿ ಎಂ.ಬಿ.ಬಿ.ಎಸ್. ಓದುತ್ತಿದ್ದಾಗ ಒಂದು ಬೇಸಿಗೆಯಲ್ಲಿ ಕೂಲಿ ಮಾಡುವ ಹೆಂಗಸೊಬ್ಬರು ವಾರ್ಡಿಗೆ ಬಂದರು. ಕೊರಳ ಸುತ್ತ ಅಡ್ಡಿಕೆ ಹಾಕಿಕೊಂಡಂತೆ ಕಪ್ಪು ಪಟ್ಟಿ, ಮುಂಗೈಗಳಲ್ಲಿ ಸುಟ್ಟಂತೆ ಕಲೆ. ನಮ್ಮ ಗುರುಗಳು ವಿದ್ಯಾರ್ಥಿಗಳನ್ನು ಏನೂ ಕೇಳದೆ ಅವರನ್ನೇ ಕೇಳಿದರು: "ದಿನಾ ಏನ್ ಉಣ್ತೀ ಯವ್ವಾ?" ಆಕೆ ಹೇಳಿದ್ದು: "ರೊಟ್ಟಿ ಖಾರ ರೀ. ಮತ್ತೇನ್ ಇರತೈತಿ?" ನಯಾಸಿನ್ ಮಾತ್ರೆ, ಹಾಲು, ಬೇಳೆ ಕೊಟ್ಟ ಕೆಲವೇ ದಿನಗಳಲ್ಲಿ ಆಕೆ ಎದ್ದು ಕೂತು ಮನೆಗೆ ಹೋಗುತ್ತೇನೆಂದು ಹಟ ಹಿಡಿದರು. ಆಕೆ ತಿನ್ನುತ್ತಿದ್ದದ್ದು ಮೆಕ್ಸಿಕೋದ ಜೋಳವಲ್ಲ, ನಮ್ಮ ಬಿಳಿಜೋಳ. ದಖ್ಖನ್ನಿನ ಜೋಳ ತಿನ್ನುವ ಬಡವರಲ್ಲಿ ಪೆಲ್ಲಾಗ್ರಾ ಇದೆಯೆಂದು ಹೈದರಾಬಾದಿನ ಪ್ರಯೋಗಾಲಯದಲ್ಲಿದ್ದ ಡಾ. ಸಿ. ಗೋಪಾಲನ್ ಅವರೂ ಡಾ. ಶ್ರೀಕಂಠಯ್ಯ ಅವರೂ 1960ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದು, ಬಿಳಿಜೋಳದಲ್ಲಿ ಲ್ಯೂಸಿನ್ ಎಂಬ ಅಮೈನೋ ಆಮ್ಲ ಹೆಚ್ಚಿರುವುದೇ ಕಾರಣ ಎಂದು ವಾದಿಸಿದರು. ಆ ವಾದದ ಮೇಲೆ ಮುಂದೆ ಬೇಕಾದಷ್ಟು ಚರ್ಚೆ ನಡೆಯಿತು. ಚರ್ಚೆಯಿಲ್ಲದ ಮಾತೆಂದರೆ ರೊಟ್ಟಿಯ ಜೊತೆ ಕಾಳುಪಲ್ಯ, ಮಜ್ಜಿಗೆ ಇದ್ದ ಮನೆಗೆ ಈ ರೋಗ ಬರುತ್ತಿರಲಿಲ್ಲ. ಜೋಳದ ರೊಟ್ಟಿಯನ್ನು ಇದಕ್ಕಾಗಿ ಯಾರೂ ಬಿಡಬೇಕಾಗಿಲ್ಲ. ನಮ್ಮ ಅಜ್ಜಿಯರು ರೊಟ್ಟಿಯನ್ನು ಒಂಟಿಯಾಗಿ ಬಡಿಸಿದವರಲ್ಲ.

ಭಾರತದ ರೊಟ್ಟಿಗೂ ಮೆಕ್ಸಿಕೋದ ರೊಟ್ಟಿಗೂ ಈ ದೇಶದಲ್ಲಿ ಸಂಬಂಧ ಬೆಳೆದದ್ದು ನಮ್ಮ ಮಕ್ಕಳಿಂದಲ್ಲ. 1910ರ ದಶಕದಿಂದಲೇ ಕ್ಯಾಲಿಫೋರ್ನಿಯಾದ ಹೊಲಗಳಿಗೆ ಬಂದ ಪಂಜಾಬಿ ರೈತರಿಗೆ ಊರಿನಿಂದ ಹೆಂಡತಿಯನ್ನು ಕರೆಸಿಕೊಳ್ಳಲು ಕಾನೂನು ಬಿಡುತ್ತಿರಲಿಲ್ಲ, ಬಿಳಿ ಹೆಣ್ಣನ್ನು ಮದುವೆಯಾಗಲೂ ಬಿಡುತ್ತಿರಲಿಲ್ಲ. ನೂರಾರು ಮಂದಿ ಮೆಕ್ಸಿಕೋದ ಹೆಣ್ಣುಮಕ್ಕಳನ್ನು ಮದುವೆಯಾದರು. ಆ ಮನೆಗಳಲ್ಲಿ ರೊಟ್ಟಿಗೂ ತೊರ್ತಿಯಾಗೂ ಒಂದೇ ಒಲೆ. ಅಂಥ ಒಂದು ಕುಟುಂಬ ಯೂಬಾ ಸಿಟಿಯಲ್ಲಿ 1954ರಲ್ಲಿ ತೆರೆದ ಎಲ್ ರಾಂಚೆರೋ ಹೋಟೆಲಿನಲ್ಲಿ ಚೀಸು ತುಂಬಿದ ರೊಟ್ಟಿ ಕೆಸಡಿಯಾ ಬಡಿಸುತ್ತಿದ್ದರು. ಅದು ಮುಚ್ಚಿದ್ದು 1993ರಲ್ಲಿ, ಡೆನ್ವರ್‌ನಲ್ಲಿ ಆ ಇನ್ನೊಂದು ಅಂಗಡಿ ಬಾಗಿಲು ತೆರೆದ ವರ್ಷ.

ಕೊನೆಯದಾಗಿ ಅಡುಗೆಗೆ ಸೇರಿದ ಒಂದು ಮಾತು ಉಳಿದಿದೆ. ಬೌಲಿನಲ್ಲಿ ರೊಟ್ಟಿ ಇಲ್ಲವಾದ್ದರಿಂದ ಸುಣ್ಣದ ಜೋಳವೂ ತಪ್ಪಿಹೋಗುತ್ತದೆ. ಹುರಿದ ಜೋಳದ ಕಾಳು ಅದಕ್ಕೆ ಸಮನಲ್ಲ. ಮೆಕ್ಸಿಕನ್ ಅಂಗಡಿಯಲ್ಲಿ ಮಾಸಾ ಹಿಟ್ಟಿನ ಚೀಲ ಸಿಗುತ್ತದೆ. ಅದರ ಹಿಂದೆ ಜೋಳದ ಜೊತೆ 'ಲೈಮ್' ಎಂದು ಬರೆದಿರುವುದನ್ನು ಮಕ್ಕಳಿಗೆ ತೋರಿಸಿ. ಅದು ನಿಂಬೆಹಣ್ಣಲ್ಲ, ಸುಣ್ಣ. ಎರಡು ಲೋಟ ಹಿಟ್ಟಿಗೆ ಸುಮಾರು ಒಂದೂವರೆ ಲೋಟ ಬಿಸಿನೀರು, ಚಿಟಿಕೆ ಉಪ್ಪು. ನಾದಿ ಕಾಲು ಗಂಟೆ ಮುಚ್ಚಿಟ್ಟು, ಅಕ್ಕಿರೊಟ್ಟಿಯಂತೆ ತಟ್ಟಿ, ಎಣ್ಣೆಯಿಲ್ಲದ ಕಾವಲಿಯ ಮೇಲೆ ಮೂರು ಸಲ ಮಗುಚಿ. ಮೂರನೆಯ ಸಲ ಅದು ಉಬ್ಬಬೇಕು. ಬಿಸಿಯಿರುವಾಗಲೇ ಹರಿದು ಬೌಲಿನ ಅಂಚಿಗೆ ಸಿಕ್ಕಿಸಿ ಕೊಡಿ.